8 ದಿನಗಳ ಐರ್ಲೆಂಡ್ ‘ಕೆಲ್ಟಿಕ್ ಹೆರಿಟೇಜ್’ ಗೈಡೆಡ್ ಟೂರ್ ಬುಕ್ ಮಾಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಮೂವರೂ ಸಸ್ಯಾಹಾರಿಗಳು, ಟೂರ್ ಕಂಪನಿಯವರು 8 ದಿನದಲ್ಲಿ 19 ಜಾಗ ತೋರಿಸುತ್ತೇವೆ ಅಂದಿದ್ದಾರೆ, ಒಪ್ಪಿಕೊಳ್ಳಬಹುದಾ? ಆ ಪಟ್ಟಿ ಇದ್ದ ಹಾಗೇ ಒಪ್ಪಬೇಡಿ ಅನ್ನುತ್ತೇನೆ. ಅರ್ಧದಷ್ಟು ಜಾಗ ತೆಗೆಸಿ, ಉಳಿದ ಕಡೆ ಗೈಡ್ ಜೊತೆ ನಿಲ್ಲುವ ಹೊತ್ತು ಜಾಸ್ತಿ ಮಾಡಿಸಿಕೊಳ್ಳಿ.

ಯಾಕೆ ಅಂದರೆ, ಐರ್ಲೆಂಡಿನಲ್ಲಿ ನಿಜವಾಗಿ ಕೆಲ್ಟರ (ಯುರೋಪಿನ ಒಂದು ಪ್ರಾಚೀನ ಜನ) ಕಾಲದ್ದು, ಅಂದರೆ ಕಬ್ಬಿಣ ಯುಗದ್ದು ಅನ್ನಬಹುದಾದ ಬಹುಪಾಲು ಜಾಗಗಳು ಇವತ್ತು ಹುಲ್ಲು ಬೆಳೆದ ದಿಬ್ಬ ಮತ್ತು ಹಳ್ಳ. ಆಗಿನವರು ಹೆಚ್ಚಾಗಿ ಕಟ್ಟಿದ್ದು ಮರ-ಮಣ್ಣಿನಲ್ಲಿ. ಮರ ಕೊಳೆತು ಹೋಯಿತು, ಮಣ್ಣು ಉಳಿಯಿತು. ಬ್ರೋಷರಿನಲ್ಲಿ ಕಣ್ಣು ಸೆಳೆಯುವ ಕಲ್ಲಿನ ಕೆಲಸ ಬಹುಪಾಲು ಒಂದೋ ಅದಕ್ಕೂ ಎರಡೂವರೆ ಸಾವಿರ ವರ್ಷ ಹಿಂದಿನದು, ಇಲ್ಲವೇ ಕ್ರೈಸ್ತ ಮಠಗಳು ಬಂದ ಮೇಲಿನದು. ಮೂರೂ ಕಾಲದ್ದನ್ನು ಒಟ್ಟಿಗೆ ಸೇರಿಸಿ ‘ಕೆಲ್ಟಿಕ್’ ಅಂತ ಮಾರುತ್ತಾರೆ. ಅದೇನು ಮೋಸವಲ್ಲ ಬಿಡಿ, ಆದರೆ ಯಾವುದು ಯಾವ ಕಾಲದ್ದು ಅಂತ ಬಿಡಿಸಿ ಹೇಳುವವರು ಇಲ್ಲದಿದ್ದರೆ ಮೂರನೇ ದಿನದ ಹೊತ್ತಿಗೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತದೆ. ಊರುಗಳ ವಿಷಯವೂ ಹೀಗೇ. ಕೆಲ್ಟರು ಐರ್ಲೆಂಡಿನಲ್ಲಿ ನಗರ ಕಟ್ಟಲಿಲ್ಲ. ಡಬ್ಲಿನ್, ವಾಟರ್‌ಫರ್ಡ್, ಲಿಮರಿಕ್ ವೈಕಿಂಗರು ನೆಲೆಯೂರಿದ ಜಾಗಗಳು. ಗಾಲ್ವೇ ನಾರ್ಮನ್ನರ ಕಾಲದಲ್ಲಿ ಬೆಳೆದ ಊರು.

ಮೊದಲ ಪೂರ್ತಿ ದಿನ ಡಬ್ಲಿನ್ನಿನ ಕಿಲ್ಡೇರ್ ಸ್ಟ್ರೀಟಿನಲ್ಲಿರುವ ರಾಷ್ಟ್ರೀಯ ಮ್ಯೂಸಿಯಂ, ಪುರಾತತ್ವ ವಿಭಾಗಕ್ಕೆ ಇಡಿ. ಬಹಳ ಪ್ಯಾಕೇಜುಗಳಲ್ಲಿ ಇದು ಕೊನೆಯ ದಿನ ‘ಬಿಡುವಿನ ಸಮಯ’ದಲ್ಲಿ ಬರುತ್ತದೆ, ಅದು ಪೂರಾ ತಲೆಕೆಳಗು. ದಿಬ್ಬದ ಮೇಲೆ ಕಾಣದ್ದೆಲ್ಲ ಇಲ್ಲಿ ಗಾಜಿನ ಹಿಂದೆ ಇದೆ. ಪ್ರವೇಶ ಉಚಿತ. ಭಾನುವಾರ, ಸೋಮವಾರ ಮಧ್ಯಾಹ್ನ 1 ಗಂಟೆಗೆ ಬಾಗಿಲು ತೆರೆಯುವುದರಿಂದ ಆ ದಿನಗಳ ಬೆಳಗ್ಗೆಗೆ ಹಾಕಿಕೊಳ್ಳಬೇಡಿ. ಬ್ರಾಯ್ಟರ್ ನಿಧಿಯ ಚಿನ್ನದ ದೋಣಿ ಹುಡುಕಿ ನೋಡಿ. 1896ರಲ್ಲಿ ಉತ್ತರದ ಡೆರ್ರಿ ಕೌಂಟಿಯಲ್ಲಿ ಹೊಲ ಉಳುವಾಗ ಸಿಕ್ಕಿದ್ದು, ಕ್ರಿ.ಪೂ. 1ನೇ ಶತಮಾನದ್ದು. ಉದ್ದ ಒಂದು ಗೇಣಿನಷ್ಟು, ಆದರೆ ಕೂರುವ ಹಲಗೆ, ಹುಟ್ಟು, ಪಟದ ಕಂಬ ಎಲ್ಲವೂ ಇದೆ. ಅದರ ಜೊತೆಗೇ ಸಿಕ್ಕ ಕಂಠಾಭರಣದ ಮೇಲಿನ ಬಳ್ಳಿಯಂಥ ಸುರುಳಿಗಳನ್ನು ಎರಡು ನಿಮಿಷ ದಿಟ್ಟಿಸಿ ನೋಡಿಟ್ಟುಕೊಳ್ಳಿ; ಕೆಲ್ಟಿಕ್ ಶೈಲಿ ಅಂತ ಕಲಾ ಇತಿಹಾಸಕಾರರು ಕರೆಯುವುದು ಅದನ್ನು. ಸುಮಾರು 800 ವರ್ಷ ಆದ ಮೇಲೆ ತಾರಾ ಬ್ರೋಚ್ (ಬಟ್ಟೆಗೆ ಚುಚ್ಚಿಕೊಳ್ಳುವ ಆಭರಣ) ಮಾಡಿದ ಅಕ್ಕಸಾಲಿಗನ ಕೈಯಲ್ಲೂ ಅದರ ನೆರಳಿದೆ. (ತಾರಾ ಬ್ರೋಚ್ ಸಿಕ್ಕಿದ್ದು ತಾರಾ ಗುಡ್ಡದಲ್ಲಲ್ಲ, 1850ರಲ್ಲಿ ಬೆಟಿಸ್‌ಟೌನ್ ಕಡಲ ದಂಡೆಯ ಹತ್ತಿರ. ಹೆಸರು ವ್ಯಾಪಾರಕ್ಕೆ ಇಟ್ಟದ್ದು.)

ಅದೇ ಕಟ್ಟಡದಲ್ಲಿ ಜೌಗು ನೆಲದಲ್ಲಿ ಕೆಡದೆ ಉಳಿದ ಶವಗಳಿವೆ. 2003ರಲ್ಲಿ ಸಿಕ್ಕ ಓಲ್ಡ್‌ಕ್ರೋಗನ್ ಮನುಷ್ಯನಿಗೆ ತಲೆ ಇಲ್ಲ, ಸೊಂಟದ ಕೆಳಗೆ ಏನೂ ಇಲ್ಲ. ಆದರೆ ಕೈಬೆರಳುಗಳ ಉಗುರು ಹಾಗೇ ಇವೆ, ತೋಳಿಗೆ ಚರ್ಮದ ಪಟ್ಟಿ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ದೇಹ. ರಾಜ್ಯಗಳ ಗಡಿಯಲ್ಲಿ ಬಲಿ ಕೊಟ್ಟವರು ಇವರು ಎಂಬುದು ಮ್ಯೂಸಿಯಂನ ವಿವರಣೆ. ಗೂಡಿನಂಥ ಪ್ರತ್ಯೇಕ ಕೋಣೆಗಳಲ್ಲಿ ಇಟ್ಟಿದ್ದಾರೆ, ಅಮ್ಮನಿಗೆ ಬೇಡ ಅನ್ನಿಸಿದರೆ ಒಳಗೆ ಹೋಗದೆ ಮುಂದೆ ಸಾಗಬಹುದು. ಟ್ರಿನಿಟಿ ಕಾಲೇಜಿನ ‘ಬುಕ್ ಆಫ್ ಕೆಲ್ಸ್’ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಬೈಬಲ್ಲಿನ ಸುವಾರ್ತೆಗಳ, ಸುಮಾರು ಕ್ರಿ.ಶ. 800ರ ಹಸ್ತಪ್ರತಿ, 680 ಪುಟ. ಆದರೆ ಒಮ್ಮೆಗೆ ತೆರೆದಿಟ್ಟಿರುವ ಪುಟಗಳಷ್ಟೇ ಕಾಣುವುದು, ಟಿಕೆಟ್ ದುಬಾರಿ. ಎರಡರಲ್ಲಿ ಒಂದೇ ಸಾಧ್ಯ ಅಂದರೆ ಕಣ್ಣು ಮುಚ್ಚಿ ಮ್ಯೂಸಿಯಂಗೆ ಹೋಗಿ.

ನ್ಯೂಗ್ರೇಂಜ್‌ಗೆ ಬರೋಣ, ಟೂರಿನವರ ಜೊತೆ ಹೆಚ್ಚು ಜಗಳ ಆಗುವುದು ಇಲ್ಲೇ. ಡಬ್ಲಿನ್ನಿನಿಂದ ಉತ್ತರಕ್ಕೆ ಒಂದು ಗಂಟೆಯೊಳಗಿನ ದಾರಿ. ಕ್ರಿ.ಪೂ. 3200ರ ಸುಮಾರಿಗೆ ಕಟ್ಟಿದ ಗೋರಿದಿಬ್ಬ, ಗೀಜಾದ ಪಿರಮಿಡ್ಡಿಗಿಂತ ಹಳೆಯದು. ನಿಮ್ಮ ಬಸ್ಸು ದಿಬ್ಬದ ಹತ್ತಿರ ಹೋಗುವುದಿಲ್ಲ. ಬ್ರೂ ನಾ ಬೋನ್ಯ ವಿಸಿಟರ್ ಸೆಂಟರ್‌ನಲ್ಲಿ ಇಳಿದು, ಬಾಯ್ನ್ ನದಿಯ ಕಾಲುಸೇತುವೆ ದಾಟಿ, ಅಲ್ಲಿಂದ ಅವರದೇ ಶಟಲ್ ಬಸ್ಸಿನಲ್ಲಿ ಹೋಗಬೇಕು. ಟಿಕೆಟ್ಟಿನಲ್ಲಿ ಬಗೆಗಳಿವೆ: ಬರೀ ಪ್ರದರ್ಶನ ನೋಡುವುದು, ನ್ಯೂಗ್ರೇಂಜ್ ಮತ್ತು ನೌತ್ ದಿಬ್ಬಗಳನ್ನು ಹೊರಗಿನಿಂದ ನೋಡುವುದು, ನ್ಯೂಗ್ರೇಂಜ್ ಗರ್ಭಕೋಣೆಯ ಒಳಗೆ ಹೋಗುವುದು. ಮೂರನೆಯದು ಬೇಗ ಖಾಲಿಯಾಗುತ್ತದೆ. ಪ್ಯಾಕೇಜಿನಲ್ಲಿ ‘ನ್ಯೂಗ್ರೇಂಜ್ ಭೇಟಿ’ ಅಂತ ಮಾತ್ರ ಇದ್ದರೆ ಅದು ಮೂರರಲ್ಲಿ ಯಾವುದೂ ಆಗಬಹುದು, ಕೆಲವೊಮ್ಮೆ ರಸ್ತೆಯಿಂದ ಕೈ ತೋರಿಸಿದರೂ ಭೇಟಿಯೇ. ‘ಚೇಂಬರ್ ಪ್ರವೇಶ ಸೇರಿದೆ’ ಅಂತ ಈಮೇಲ್‌ನಲ್ಲಿ ಬರೆಸಿಕೊಳ್ಳಿ.

ಒಳಗಿನ ಓಣಿ 19 ಮೀಟರ್ ಉದ್ದ. ಕೆಲವು ಕಡೆ ಬಗ್ಗಬೇಕು, ಕೆಲವು ಕಡೆ ಅಡ್ಡಡ್ಡ ತಿರುಗಿ ನುಸುಳಬೇಕು. ಮಂಡಿನೋವು ಇದ್ದರೆ ನಿಭಾಯಿಸಬಹುದು, ಇಕ್ಕಟ್ಟಿನ ಭಯ ಇದ್ದರೆ ಬೇಡ. ಬ್ಯಾಗ್ ಬಿಡುವುದಿಲ್ಲ, ಒಳಗೆ ಫೋಟೊ ಇಲ್ಲ. ಗಾರೆಯೇ ಇಲ್ಲದೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಮುಂದಕ್ಕೆ ಚಾಚಿ ಜೋಡಿಸಿದ ಚಪ್ಪಡಿಗಳು ತಲೆಯ ಮೇಲೆ 6 ಮೀಟರ್ ಎತ್ತರದಲ್ಲಿ ಮುಚ್ಚಿಕೊಳ್ಳುತ್ತವೆ. ಐದು ಸಾವಿರ ವರ್ಷದ ಮಳೆಗೂ ಸೋರಿಲ್ಲ. ಬಾಗಿಲಿನ ಮೇಲೆ ಒಂದು ಸಣ್ಣ ಕಿಂಡಿ ಇದೆ. ಓಣಿಯ ನೆಲ ಒಳಹೋದಂತೆ ಏರುತ್ತ ಹೋಗಿ, ಗರ್ಭಕೋಣೆಯ ನೆಲ ಹೆಚ್ಚುಕಡಿಮೆ ಆ ಕಿಂಡಿಯ ಮಟ್ಟಕ್ಕೆ ಬರುತ್ತದೆ. ಹಾಗಾಗಿ ಡಿಸೆಂಬರ್ 21ರ ಆಸುಪಾಸಿನ ಸೂರ್ಯೋದಯದಲ್ಲಿ ಮಾತ್ರ ಬೆಳಕು ಬಾಗಿಲಿನಿಂದಲ್ಲ, ಕಿಂಡಿಯಿಂದ ನೇರ ಒಳಗೆ ಬಂದು ಸುಮಾರು 17 ನಿಮಿಷ ನಿಲ್ಲುತ್ತದೆ. 1967ರಲ್ಲಿ ಪುರಾತತ್ವಜ್ಞ ಮೈಕೆಲ್ ಓಕೆಲಿ ಒಳಗೆ ಕಾದು ಕೂತು ಇದನ್ನು ಕಂಡರು. ಮಕರ ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಗಂಗಾಧರೇಶ್ವರದಲ್ಲಿ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ಅಪ್ಪ-ಅಮ್ಮ ನೋಡಿದ್ದರೆ ಇಲ್ಲಿನ ಲೆಕ್ಕಾಚಾರ ಅವರಿಗೆ ತಕ್ಷಣ ಹಿಡಿಯುತ್ತದೆ. ಆ ದಿನಗಳಲ್ಲಿ ಒಳಗೆ ಹೋಗಲು ಲಾಟರಿ ಇದೆ, ಗೆದ್ದರೂ ಮೋಡ ಬಂದರೆ ಮುಗಿಯಿತು. ಬೇರೆ ದಿನಗಳಲ್ಲಿ ಗೈಡ್ ದೀಪ ಆರಿಸಿ ಬಲ್ಬಿನಿಂದ ತೋರಿಸುತ್ತಾರೆ. ಬಾಗಿಲ ಮುಂದಿನ ಕಲ್ಲಿನ ಮೂರು ಸುರುಳಿಯನ್ನು ಪೇಟೆಯ ಎಲ್ಲ ಪದಕ, ಟಿ-ಶರ್ಟಿನ ಮೇಲೆ ಕೆಲ್ಟಿಕ್ ಚಿಹ್ನೆ ಅಂತ ಮಾರುತ್ತಾರೆ. ಕೆತ್ತಿದವರು ಕೆಲ್ಟರಿಗಿಂತ ಎಷ್ಟೋ ಹಿಂದಿನ ರೈತರು. ಹೊರಗೋಡೆಯ ಬಿಳಿ ಸ್ಫಟಿಕದ ಕಲ್ಲುಗಳು ಹಳೆಯವೇ, ಆದರೆ ಹಾಗೆ ನೆಟ್ಟಗೆ ನಿಲ್ಲಿಸಿದ್ದು 20ನೇ ಶತಮಾನದಲ್ಲಿ. ಅದು ಸರಿಯೇ ಅಂತ ವಿದ್ವಾಂಸರಲ್ಲಿ ಇನ್ನೂ ಜಗಳ ಇದೆ.

ಅದೇ ದಿನ ಮಧ್ಯಾಹ್ನ ತಾರಾ ಗುಡ್ಡ. ಇಲ್ಲಿ ಟಿಕೆಟ್ ಇಲ್ಲ, ಗೇಟಿಲ್ಲ, ಕುರಿ ಮೇಯುತ್ತಿರುತ್ತವೆ. ಐರ್ಲೆಂಡಿನ ಮಹಾರಾಜರ ಪಟ್ಟಾಭಿಷೇಕದ ಜಾಗ ಅಂತ ಹೇಳಿ ಬಸ್ಸು ಅರ್ಧ ಗಂಟೆ ನಿಲ್ಲಿಸಿದರೆ, ಇಳಿದವರು ‘ಇದಕ್ಕಾ ಇಷ್ಟು ದೂರ ಬಂದದ್ದು’ ಅಂತ ವಾಪಸ್ ಹತ್ತುತ್ತಾರೆ. ಒಂದೂವರೆ ಗಂಟೆ ಬೇಕು, ಗೈಡ್ ಬೇಕೇ ಬೇಕು. ಸುಮಾರು ಒಂದು ಕಿಲೋಮೀಟರ್ ಸುತ್ತಳತೆಯ ಹಳ್ಳ-ದಿಣ್ಣೆಯ ಆವರಣ ಇದೆ. ಅದರ ಹಳ್ಳ ದಿಣ್ಣೆಯ ಒಳಮಗ್ಗುಲಲ್ಲಿದೆ. ಕೋಟೆಗೆ ಹಳ್ಳ ಹೊರಗಿರುತ್ತದೆ. ಹಾಗಾಗಿ ಇದು ಯುದ್ಧಕ್ಕಲ್ಲ, ವಿಧಿಗಳಿಗೆ ಮಾಡಿದ್ದು ಅಂತ ತಿಳಿಯುತ್ತಾರೆ. ಇದನ್ನು ಯಾರಾದರೂ ನಿಲ್ಲಿಸಿ ತೋರಿಸದಿದ್ದರೆ ನಿಮಗೆ ಕಾಣುವುದೇ ಇಲ್ಲ. ಅರ್ಹ ರಾಜ ಮುಟ್ಟಿದರೆ ಕೂಗುತ್ತಿತ್ತು ಎಂಬ ಲಿಯಾ ಫಾಲ್ ಕಲ್ಲು ಈಗ ಇರುವುದು ಮೂಲ ಜಾಗದಲ್ಲಲ್ಲ. 1798ರ ಬಂಡಾಯದಲ್ಲಿ ಸತ್ತವರ ನೆನಪಿಗಾಗಿ ಅದನ್ನು ಆಮೇಲೆ ಅಲ್ಲಿಗೆ ಸಾಗಿಸಿದ್ದು. ಇನ್ನು 1899ರಿಂದ 1902ರವರೆಗೆ ಒಂದು ಗುಂಪು ಬೈಬಲ್ಲಿನ ಒಡಂಬಡಿಕೆಯ ಪೆಟ್ಟಿಗೆ ಇಲ್ಲೇ ಇದೆ ಅಂತ ಅಗೆದು ಹಾಳು ಮಾಡಿದ ಗುಂಡಿಗಳನ್ನೂ ಕೇಳಿ ನೋಡಿ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಸೇರಿಸಲೇಬೇಕು ಅಂತ ನಾನು ಹೇಳುವ ಒಂದು ಜಾಗ ರಾಸ್‌ಕಾಮನ್ ಕೌಂಟಿಯ ರ‍್ಯಾತ್‌ಕ್ರೋಗನ್. ಡಬ್ಲಿನ್ನಿನಿಂದ ಗಾಲ್ವೇಗೆ ಹೋಗುವ ದಿನ ಉತ್ತರಕ್ಕೆ ಸ್ವಲ್ಪ ಸುತ್ತು ಹಾಕಬೇಕು. ಐರಿಷ್ ಪುರಾಣದ ರಾಣಿ ಮೇವ್, ಕೂಲಿ ಎಂಬ ಸೀಮೆಯ ಹೋರಿಗಾಗಿ ನಡೆಸಿದ ಗೋಗ್ರಹಣದ ಕಥೆ ಶುರುವಾಗುವುದು ಇಲ್ಲಿ. ಟಲ್ಸ್ಕ್ ಊರಿನ ವಿಸಿಟರ್ ಸೆಂಟರ್‌ನವರ ಗೈಡ್ ಜೊತೆ ಹೋಗುವುದೇ ಸರಿ, ಏಕೆಂದರೆ ದಿಬ್ಬಗಳು ರೈತರ ಹುಲ್ಲುಗಾವಲಿನಲ್ಲಿವೆ. ‘ಬೆಕ್ಕುಗಳ ಗವಿ’ ಅನ್ನುವ ಊನಗಟ್‌ಗೆ ಬಾಯಿ ಬಹಳ ಚಿಕ್ಕದು. ಒಳಗೆ ಇಳಿಯುವಾಗ ತಲೆಯ ಮೇಲಿನ ತೊಲೆಗಲ್ಲಿನ ಅಂಚಿನಲ್ಲಿ ಓಗಮ್ ಎಂಬ ಹಳೆಯ ಐರಿಷ್ ಲಿಪಿಯ ಗೀಟುಗಳು ಕಾಣುತ್ತವೆ, ‘ಮೇವ್‌ಳ ಮಗ ಫ್ರೇಖ್‌ನದು’ ಅಂತ ಓದುತ್ತಾರೆ. ಮೊಣಕಾಲು ಮುಳುಗದಿದ್ದರೂ ಪ್ಯಾಂಟಂತೂ ಕೆಸರಾಗುತ್ತದೆ. ಸೌವಿನ್ ಹಬ್ಬ, ಅಂದರೆ ಇವತ್ತಿನ ಹ್ಯಾಲೊವೀನ್‌ನ ಮೂಲ, ಈ ಗವಿಯೊಂದಿಗೆ ಹೆಣೆದುಕೊಂಡಿದೆ. ಅಪ್ಪ-ಅಮ್ಮ ಮೇಲೆ ನಿಲ್ಲಲಿ, ನೀವು ಇಳಿಯಿರಿ.

ಮಠಗಳಲ್ಲಿ ಎರಡು ಸಾಕು. ಶ್ಯಾನನ್ ನದಿಯ ದಂಡೆಯ ಕ್ಲಾನ್‌ಮಕ್‌ನೋಯ್ಸ್ ಗಾಲ್ವೇ ದಾರಿಗೆ ಹತ್ತಿರ. ಅಲ್ಲಿ ಅಂಗಳದಲ್ಲಿ ನಿಂತಿರುವ ಶಿಲುಬೆಗಳು ಪ್ರತಿಕೃತಿ, ಅಸಲಿಯವು ವಿಸಿಟರ್ ಸೆಂಟರ್ ಒಳಗಿವೆ ಅನ್ನುವುದು ಗೊತ್ತಿರಲಿ. ಎರಡನೆಯ ಮಠ ಮೊನಾಸ್ಟರ್‌ಬೋಯ್ಸ್‌ನ ಮೂರೆಡಾಕ್ ಶಿಲುಬೆ ಮಾತ್ರ ಇನ್ನೂ ಬಯಲಲ್ಲೇ ಇದೆ, ಐದೂವರೆ ಮೀಟರ್ ಎತ್ತರ, ಟಿಕೆಟ್ ಇಲ್ಲ, ನ್ಯೂಗ್ರೇಂಜ್ ದಿನವೇ ಆಗುತ್ತದೆ. ಪೂರ್ವದ ಮುಖವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ: ಅಡಿಯಲ್ಲಿ ಆದಾಮ-ಹವ್ವ, ಪಕ್ಕದಲ್ಲೇ ತಮ್ಮನನ್ನು ಕೊಲ್ಲುವ ಕಾಯಿನ, ಮೇಲೆ ಕೊನೆಯ ತೀರ್ಪು. ಅಲ್ಲಿ ದೇವದೂತ ಆತ್ಮವನ್ನು ತೂಗುತ್ತಿದ್ದರೆ ಸೈತಾನ ತಕ್ಕಡಿಯ ಕೆಳಗೆ ಬಿದ್ದುಕೊಂಡು ತಟ್ಟೆಯನ್ನು ತನ್ನ ಕಡೆ ಎಳೆಯುತ್ತಿದ್ದಾನೆ. ಪೂರ್ವದ ಮುಖಕ್ಕೆ ಬೆಳಗಿನ ಓರೆಬಿಸಿಲು ಬಿದ್ದಾಗ ಕೆತ್ತನೆ ಎದ್ದು ಕಾಣುತ್ತದೆ, ಹಾಗಾಗಿ ಇದನ್ನು ಮೊದಲು ಇಟ್ಟುಕೊಂಡು ನ್ಯೂಗ್ರೇಂಜ್ ಟಿಕೆಟ್ 11ರ ಮೇಲೆ ತಗೊಳ್ಳಿ.

ಇನಿಶ್‌ಮೋರ್ ದ್ವೀಪದ ಡೂನ್ ಏಂಗಸ್ ಕಲ್ಲುಕೋಟೆಗೆ ಒಂದು ಇಡೀ ದಿನ. ಗಾಲ್ವೇಯಿಂದ ಬಸ್ಸಿನಲ್ಲಿ ರೋಸಾವೀಲ್, ಅಲ್ಲಿಂದ ಸುಮಾರು 40 ನಿಮಿಷ ದೋಣಿ. ಅಟ್ಲಾಂಟಿಕ್ ಕುಲುಕಾಟಕ್ಕೆ ವಾಂತಿಯಾಗುವವರು ಹೊರಡುವ ಮುಂಚೆಯೇ ಮಾತ್ರೆ ನುಂಗಿರಬೇಕು. ಕೋಟೆಗೆ ಕೊನೆಯ ಏರು ಉಬ್ಬುತಗ್ಗಿನ ಬಂಡೆ, ಚಪ್ಪಲಿಯಲ್ಲಿ ಆಗದು. ಕೋಟೆಯ ಒಂದು ಮಗ್ಗುಲು ನೇರ ಸಮುದ್ರಕ್ಕೆ ಸುಮಾರು ನೂರು ಮೀಟರ್ ಪ್ರಪಾತ, ಕಟಕಟೆ ಇಲ್ಲ. ಅಂಚಿಗೆ ಹೋಗಿ ನಿಂತು ಸೆಲ್ಫಿ ಬೇಡವೇ ಬೇಡ, ಗಾಳಿಯ ಹೊಡೆತ ಹೇಳಿ ಬರುವುದಿಲ್ಲ. ಗಾಳಿ ಜಾಸ್ತಿಯಾದರೆ ದೋಣಿ ರದ್ದಾಗುತ್ತದೆ, ಅದಕ್ಕೇ ಗಾಲ್ವೇಯಲ್ಲಿ ಒಂದು ದಿನ ಖಾಲಿ ಇಟ್ಟಿರಿ. ದೋಣಿ ಸಿಕ್ಕರೆ ಆ ಖಾಲಿ ದಿನ ಬರೆನ್ ಸುಣ್ಣಕಲ್ಲಿನ ಬಯಲಿನ ಪೂಲ್‌ನಬ್ರೋನ್ ಕಲ್ಗೋರಿಗೆ ಹೋಗಬಹುದು. ಕ್ಯಾಶೆಲ್ (ಬಂಡೆಗುಡ್ಡದ ಮೇಲಿನ ಹಳೆಯ ಚರ್ಚುಗಳು) ಮತ್ತು ಕಿಲ್ಕೆನಿ ಊರು ವಾಪಸ್ ಬರುವ ದಾರಿಯಲ್ಲಿ ಒಂದೇ ದಿನದಲ್ಲಿ ಆಗುತ್ತವೆ. ಕ್ಯಾಶೆಲ್ಲಿನಲ್ಲಿ 1134ರ ಕಾರ್ಮಕ್ ಚಾಪೆಲ್‌ಗೆ ಗೈಡ್ ಜೊತೆ, ಸಣ್ಣ ಗುಂಪುಗಳಲ್ಲಿ ಮಾತ್ರ ಬಿಡುತ್ತಾರೆ, ಹೋದ ತಕ್ಷಣ ಹೆಸರು ಬರೆಸಿ. ಒಟ್ಟು ಲೆಕ್ಕ: ಡಬ್ಲಿನ್ 3 ರಾತ್ರಿ, ಗಾಲ್ವೇ 3, ಕಿಲ್ಕೆನಿ 1. ದಿನಕ್ಕೊಂದು ಹೋಟೆಲ್ ಬದಲಿಸುವ ಪ್ಯಾಕೇಜಿನಲ್ಲಿ ವಯಸ್ಸಾದವರು ಸೂಟ್‌ಕೇಸ್ ಕಟ್ಟಿಯೇ ಸುಸ್ತಾಗುತ್ತಾರೆ.

ವೀಸಾ: ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳ ಗುಂಪಿನಲ್ಲಿ ಐರ್ಲೆಂಡ್ ಇಲ್ಲ, ನಿಮ್ಮ ಹತ್ತಿರ ಫ್ರಾನ್ಸ್ ವೀಸಾ ಇದ್ದರೂ ಕೆಲಸಕ್ಕೆ ಬರುವುದಿಲ್ಲ. ಪಟ್ಟಿಯಲ್ಲಿ ‘ಜೈಂಟ್ಸ್ ಕಾಸ್‌ವೇ’ ಮತ್ತು ‘ನಾವನ್ ಫೋರ್ಟ್’ ಇವೆ, ಇವೆರಡೂ ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್. ಗಡಿಯಲ್ಲಿ ಗೇಟಿಲ್ಲ, ಬೋರ್ಡು ಕೂಡ ಸರಿಯಾಗಿ ಕಾಣುವುದಿಲ್ಲ, ಬಸ್ಸು ಹಾಗೇ ದಾಟುತ್ತದೆ. ಆದರೂ ಭಾರತದ ಪಾಸ್‌ಪೋರ್ಟಿನವರಿಗೆ ಬ್ರಿಟನ್ನಿಗೂ ಅನುಮತಿ ಇರಬೇಕು. ಐರಿಷ್ ವೀಸಾದ ಮೇಲೆ ‘ಬಿಐವಿಎಸ್’ (ಬ್ರಿಟಿಷ್-ಐರಿಷ್ ವೀಸಾ ಸ್ಕೀಮ್) ಅಂತ ನಮೂದಾಗಿದ್ದರೆ ಅದೇ ಸಾಕು, ಆದರೆ ಮೊದಲು ಐರ್ಲೆಂಡಿನಲ್ಲೇ ಇಳಿದಿರಬೇಕು. ಆದ್ದರಿಂದ ಲಂಡನ್ ಮೂಲಕ ಬರುವ ಅಗ್ಗದ ಟಿಕೆಟ್ ಬಿಟ್ಟು ದುಬೈ, ದೋಹಾ, ಅಬುಧಾಬಿ ಮೂಲಕ ಡಬ್ಲಿನ್‌ಗೆ ಬನ್ನಿ.

ಊಟಕ್ಕೆ ಹೆದರಬೇಡಿ, ಕೇಳಿ ತಿನ್ನಿ. ಬೆಳಗಿನ ತಟ್ಟೆಯಲ್ಲಿ ಬರುವ ‘ಬ್ಲ್ಯಾಕ್ ಪುಡ್ಡಿಂಗ್’ ಸಿಹಿಯಲ್ಲ, ಹಂದಿಯ ರಕ್ತದ್ದು. ‘ವೈಟ್ ಪುಡ್ಡಿಂಗ್’ ಅಂದರೆ ರಕ್ತ ಇಲ್ಲದ ಹಂದಿಮಾಂಸ. ತರಕಾರಿ ಸೂಪು ಅಂದರೂ ಅದಕ್ಕೆ ಹಾಕಿದ್ದು ಕೋಳಿಮಾಂಸ ಬೇಯಿಸಿದ ನೀರಿರಬಹುದು, ‘ಸ್ಟಾಕ್ ಯಾವುದು’ ಅಂತಲೇ ಕೇಳಿ. ಮೊಟ್ಟೆಯನ್ನು ಅಲ್ಲಿ ಸಸ್ಯಾಹಾರಕ್ಕೆ ಸೇರಿಸುತ್ತಾರೆ. ಹಳ್ಳಿಯ ಪಬ್‌ಗಳಲ್ಲಿ ಅಡುಗೆಮನೆ ರಾತ್ರಿ 9ರ ಹೊತ್ತಿಗೆ ಮುಚ್ಚುತ್ತದೆ. ಮೇ, ಜೂನ್‌ನಲ್ಲಿ ಆಗಲೂ ಬೆಳಕಿರುವುದರಿಂದ ಹೊತ್ತು ಗೊತ್ತಾಗದೆ ಉಪವಾಸ ಬೀಳುವುದು ಸಾಮಾನ್ಯ. ಚಟ್ನಿಪುಡಿ, ಅವಲಕ್ಕಿ ಚೀಲದಲ್ಲಿರಲಿ. ಕೊಡೆ ತರಬೇಡಿ, ಮಳೆ ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ಟೋಪಿ ಇರುವ ಮಳೆ ಜಾಕೆಟ್ ಮೂವರಿಗೂ ಬೇಕು.

ಈಗ ಟೂರ್ ಕಂಪನಿಗೆ ಬರೆಯುವಾಗ ಪ್ರತಿ ಜಾಗದ ಎದುರು ಮೂರು ವಿಷಯ ಕೇಳಿ: ಒಳಗೆ ಹೋಗುತ್ತೇವಾ ಅಥವಾ ಬರೀ ಫೋಟೊ ನಿಲುಗಡೆಯಾ, ಎಷ್ಟು ನಿಮಿಷ, ಮಾತಾಡುವವರು ಸೈಟಿನ ಗೈಡಾ ಅಥವಾ ಬಸ್ ಓಡಿಸುವವರೇನಾ. ಡಬ್ಲಿನ್ನಿನಿಂದ ಒಂದೇ ದಿನದಲ್ಲಿ ಪಶ್ಚಿಮದ ಮೊಹರ್ ಬಂಡೆಗೆ ಹೋಗಿ ಬರುವ ಸಾಲು ಇದ್ದರೆ ಹೊಡೆದು ಹಾಕಿಸಿ, ಬಸ್ಸಿನಲ್ಲೇ ಏಳೆಂಟು ಗಂಟೆ ಕೂರಬೇಕು. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಮೂರು ತಿಂಗಳೊಳಗೆ ಹಾಕಬಹುದು, ತಡಮಾಡದೆ ಹಾಕಿ. ಅದು ಕೈಗೆ ಬರುವ ತನಕ ಪೂರ್ತಿ ಹಣ ಕಟ್ಟಬೇಡಿ. ವೀಸಾ ನಿರಾಕರಣೆಯಾದರೆ ಎಷ್ಟು ಹಣ ವಾಪಸ್ ಅನ್ನುವುದನ್ನು ಮುಂಗಡ ಕೊಡುವ ಮುಂಚೆಯೇ ಬರಹದಲ್ಲಿ ತಗೊಳ್ಳಿ.