ಹುಬ್ಬಳ್ಳಿ-ಧಾರವಾಡದ ಪಾರ್ಕುಗಳ ಹಳೇ ಫೋಟೋ ಎಲ್ಲಿ ಹುಡುಕಬೇಕು?

ಮೊದಲೇ ಬೆಂಗಳೂರಿಗೆ ಓಡಬೇಡಿ. 1956ರವರೆಗೆ ನಮ್ಮ ಭಾಗ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ಆ ಕಾಲದ ಸರ್ಕಾರಿ ದಾಖಲೆಗಳಿಗೆ ಮುಂಬಯಿಯ ಪತ್ರಾಗಾರವನ್ನೂ ನೋಡಬೇಕು. ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆ ಆಗಿದ್ದು 1962ರಲ್ಲಿ. ಅದಕ್ಕೂ ಹಿಂದಿನದನ್ನು ‘ಹುಬ್ಲಿ’, ‘ಧಾರವಾರ್’ ಎಂದು ಬೇರೆ ಬೇರೆಯಾಗಿಯೇ ಹುಡುಕಿ.

ಆದರೆ ನನ್ನ ಪ್ರಕಾರ ನಿಜವಾದ ಖಜಾನೆ ಮನೆಯ ಆಲ್ಬಮ್. ಆಜಾದ್ ಪಾರ್ಕಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ಸಿಕ್ಕರೆ, ಸುಮ್ನೆ ಮುಖಗಳನ್ನಷ್ಟೇ ನೋಡಬೇಡಿ. ಹಿಂದಿನ ಬೋರ್ಡನ್ನೂ ಓದಿ. ‘ಮೈಸೂರು ರಾಜ್ಯ’ ಎಂದಿದ್ದರೆ ಆ ಬೋರ್ಡು ಬರೆದದ್ದು 1973ರ ನವೆಂಬರ್‌ಗಿಂತ ಮೊದಲು. ಫೋಟೋದ ಬೆನ್ನಿಗೆ ಸ್ಟುಡಿಯೋ ಸೀಲ್ ಇರುತ್ತದೆ, ಅಲ್ವಾ? ಅದನ್ನೂ ಸ್ಕ್ಯಾನ್ ಮಾಡಿ. ಅಜ್ಜ-ಅಜ್ಜಿಗೆ ನೆನಪಿರುವಾಗಲೇ ಕೇಳಿ, ಹೆಸರುಗಳನ್ನು ಪೆನ್ಸಿಲ್‌ನಲ್ಲಿ ಬರೆದಿಡಿ.