ಬೀಗ ಹಾಕಿದ ಶೌಚಾಲಯ: ನಿಮ್ಮ ತಂಗಿಯ ಪ್ರಶ್ನೆಗೆ

ನಿಮ್ಮ ತಂಗಿ ಚಳ್ಳಕೆರೆ ಕಡೆಯ ಹೈಸ್ಕೂಲಲ್ಲಿ ಕ್ಲಾಸ್ ಲೀಡರ್, ಹುಡುಗಿಯರ ಶೌಚಾಲಯಕ್ಕೆ ಸದಾ ಬೀಗ, ಕೇಳಿದರೆ ‘ನೋಡೋಣ’ ಅಂತಾರೆ, ಮುಂದೇನು ಅಂತ ಕೇಳಿದ್ದೀರಿ. ನಾನು ಹೊಸದುರ್ಗದ ಕಡೆಯವಳು, ಇದೇ ಪಾಡು ಪಟ್ಟವಳು. ಸಂಜೆವರೆಗೂ ನೀರೇ ಕುಡಿಯದೆ ಕೂರುತ್ತಿದ್ದೆವು.

ಬಾಯಿಮಾತು ಬಿಟ್ಟು ಬರೆದು ಕೊಡಲಿ. ನಾವು ನೋಟ್‌ಬುಕ್ಕಿನ ನಡುವಿನ ಹಾಳೆ ಕಿತ್ತು, ಬೀಗ ಇದ್ದ ದಿನಗಳನ್ನು ತಾರೀಖು ಸಮೇತ ಬರೆದೆವು. ನಲ್ಲಿಗೆ ಹಿಡಿ ಇಲ್ಲದ್ದನ್ನೂ ಸೇರಿಸಿದೆವು. ಸಹಿಗಳನ್ನು ಮಾತ್ರ ದುಂಡಗೆ, ಚಕ್ರದ ಹಾಗೆ ಹಾಕಿದೆವು. ಮೊದಲು ಬರೆದವಳು ಯಾರು ಅಂತ ಗೊತ್ತಾಗಬಾರದು ಅಲ್ವಾ! ಒಂದು ಪ್ರತಿ ಹೆಡ್‌ಮಾಸ್ಟರಿಗೆ, ಇನ್ನೊಂದು ಎಸ್‌ಡಿಎಂಸಿಗೆ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಗೆ. ಅದರಲ್ಲಿ ತಾಯಂದಿರೂ ಇರುತ್ತಾರೆ. ಅವರಲ್ಲಿ ಒಬ್ಬರನ್ನು ಹಿಡಿಯಿರಿ, ಕೆಲಸ ಬೇಗ ಆಗುತ್ತದೆ.

ಅಲ್ಲೂ ಆಗದಿದ್ದರೆ ಮಕ್ಕಳ ಗ್ರಾಮಸಭೆ ಇದೆ. ಪಂಚಾಯಿತಿ ಇದನ್ನು ವರ್ಷಕ್ಕೊಮ್ಮೆ ನಡೆಸಬೇಕು, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ. ಸುಮ್ನೆ ಹಾಡು, ಬಿಸ್ಕತ್ತಿನಲ್ಲಿ ಮುಗಿಸುವುದೂ ಉಂಟು. ಹಾಗಾಗಿ ತಂಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರೇ ಪ್ರಶ್ನೆ ಓದಲಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ.

‘ಜಾಸ್ತಿ ಮಾತಾಡ್ತಾಳೆ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ನವೆಂಬರ್ 11ಕ್ಕೆ ಒನಕೆ ಓಬವ್ವನ ಜಯಂತಿ ಅಂತ ಹುಡುಗಿಯರಿಂದ ಭಾಷಣ ಮಾಡಿಸುವ ಜಿಲ್ಲೆ ನಮ್ಮದು. ಬೀಗದ ಕೈ ಕೇಳಿದರೆ ಮಾತ್ರ ಸಿಟ್ಟು!

ಕೊನೆಯಲ್ಲಿ ತಂಗಿಯ ಗೆಳತಿಯ ಮದುವೆ ಮಾತೂ ಬರೆದಿದ್ದೀರಿ. ಅದಕ್ಕೆ ಅರ್ಜಿ, ಸಭೆ ಅಂತ ಕಾಯಬೇಡಿ. 18 ತುಂಬಿಲ್ಲದಿದ್ದರೆ ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ.