ಹಾಲಿನ ಕ್ಯಾನಿನ ದೆವ್ವ, ಥರ್ಮೋಕೋಲಿನ ಗೋರಿ

ಅಕ್ಟೋಬರ್ ಬಂತು ಅಂದರೆ ಅಮೆರಿಕದಲ್ಲಿರುವ ಓದುಗರ ಪತ್ರಗಳೆಲ್ಲ ಹ್ಯಾಲೋವೀನ್ ಬಗ್ಗೆಯೇ. ಮನೆ ಮುಂದೆ ದೆವ್ವ, ಗೋರಿಗಳ ಅಲಂಕಾರ ಮಾಡಿ, ವೇಷ ಹಾಕಿ ಮನೆಮನೆಗೆ ಬರುವ ಮಕ್ಕಳಿಗೆ ಚಾಕಲೇಟ್ ಕೊಡುವ ಹಬ್ಬ ಅದು. ಈ ಸಲ ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಬೆಂಗಳೂರಿನದೂ ಒಂದಿದೆ.

ಪ್ರಶ್ನೆ: ಈ ವರ್ಷವಷ್ಟೇ ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆಗೆ ಬಂದಿದ್ದೇವೆ. ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ಗಾಳಿ ತುಂಬಿದ ದೊಡ್ಡ ದೊಡ್ಡ ದೆವ್ವಗಳು ನಿಂತಿವೆ. ಏಳು ವರ್ಷದ ಮಗಳು ನಮಗೂ ಬೇಕು ಅಂತ ಹಠ ಹಿಡಿದಿದ್ದಾಳೆ. ಒಂದು ರಾತ್ರಿಗಾಗಿ ಅಷ್ಟು ದುಡ್ಡು ಸುರಿಯೋಕೆ ಮನಸ್ಸಿಲ್ಲ. ಮನೆಯಲ್ಲಿರುವ ವಸ್ತುಗಳಲ್ಲೇ ಏನಾದರೂ ಮಾಡಬಹುದಾ? — ಎಡಿಸನ್, ನ್ಯೂಜೆರ್ಸಿ

ಖಂಡಿತ ಮಾಡಬಹುದು. ಮೊದಲು ಒಂದು ಮಾತು. ಅಕ್ಟೋಬರ್ 31ರ ರಾತ್ರಿ ಮಕ್ಕಳು ನಿಮ್ಮ ಮನೆಯನ್ನು ನೋಡುವುದು ಕತ್ತಲಲ್ಲಿ, ರಸ್ತೆ ಬದಿಯಿಂದ. ಹತ್ತಿರ ಬಂದರೂ ಅವರ ಕಣ್ಣು ಚಾಕಲೇಟ್ ಬುಟ್ಟಿಯ ಮೇಲೇ ಇರುತ್ತದೆ! ಹಾಗಾಗಿ ನಾಜೂಕು ಕೆಲಸ ಬೇಡ. ಆಕಾರ ಗೊತ್ತಾಗಬೇಕು, ಹಿಂದಿನಿಂದ ಬೆಳಕು ಬರಬೇಕು, ಅಷ್ಟೇ.

ಇವತ್ತಿನಿಂದಲೇ ಒಂದು ಗ್ಯಾಲನ್ ಹಾಲಿನ ಪ್ಲಾಸ್ಟಿಕ್ ಕ್ಯಾನುಗಳನ್ನು ಎಸೆಯಬೇಡಿ. ಮೊಸರು ಮನೆಯಲ್ಲೇ ಹೆಪ್ಪು ಹಾಕುವ ನಮ್ಮವರ ಮನೆಯಲ್ಲಿ ವಾರಕ್ಕೆ ಎರಡಾದರೂ ಖಾಲಿಯಾಗುತ್ತವೆ ಅಲ್ವಾ? ಸೋಪು ಹಾಕಿ ಚೆನ್ನಾಗಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಹುಳಿ ವಾಸನೆ ಹೋಗುವುದೇ ಇಲ್ಲ. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ, ಎದುರಿಗೆ ಕಪ್ಪು ಪರ್ಮನೆಂಟ್ ಮಾರ್ಕರ್‌ನಲ್ಲಿ ಎರಡು ಕಣ್ಣು, ಒಂದು ಬಾಯಿ ಬರೆಯಲು ಮಗಳಿಗೇ ಬಿಡಿ. ವಕ್ರವಾದಷ್ಟೂ ಚೆಂದ. ಹಿಂಬದಿಯಲ್ಲಿ ನೀವು ಚಾಕುವಿನಿಂದ ಒಂದು ತೂತು ಕೊಯ್ದು, ದೀಪಾವಳಿಗೆ ತಂದಿಟ್ಟ ಎಲ್‌ಇಡಿ ಸರದ ಒಂದಷ್ಟು ಬಲ್ಬುಗಳನ್ನು ಒಳಗೆ ತುರುಕಿ. ಆ ಪ್ಲಾಸ್ಟಿಕ್ ಹಾಲುಬಿಳುಪು ಇರುವುದರಿಂದ ಬೆಳಕು ಹರಡಿ ಇಡೀ ಕ್ಯಾನೇ ಹೊಳೆಯುತ್ತದೆ. ತಳಕ್ಕೆ ಎರಡು ಹಿಡಿ ಜಲ್ಲಿಕಲ್ಲು ಹಾಕುವುದನ್ನು ಮಾತ್ರ ಮರೆಯಬೇಡಿ. ನಾನು ಮೊದಲ ವರ್ಷ ಮರೆತು, ಬೆಳಗ್ಗೆ ಎದ್ದು ನಾಲ್ಕು ದೆವ್ವಗಳನ್ನು ಪಕ್ಕದ ಬೀದಿಯಿಂದ ಹೆಕ್ಕಿ ತಂದೆ.

ಮೆಟ್ಟಿಲಿಗೊಂದರಂತೆ ಆರೇಳು ಇಟ್ಟರೆ ಸಾಕು, ಕಳೆ ಬಂದುಬಿಡುತ್ತದೆ. ಇನ್ನೂ ಬೇಕು ಅಂದರೆ ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆಯಲ್ಲಿ ಎರಡು ಕಣ್ಣಿನಾಕಾರ ಕತ್ತರಿಸಿ, ಒಳಗೊಂದು ಗ್ಲೋ ಸ್ಟಿಕ್ (ಬಗ್ಗಿಸಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ) ಸಿಕ್ಕಿಸಿ ಪೊದೆಯೊಳಗೆ ಅಡಗಿಸಿಡಿ. ಕೊಳವೆ ಕಾಣುವುದಿಲ್ಲ, ಕಣ್ಣು ಮಾತ್ರ ಕಾಣುತ್ತವೆ. ಹಗಲಲ್ಲೇ ಹಚ್ಚಬೇಡಿ, ಗ್ಲೋ ಸ್ಟಿಕ್‌ನ ಆಯಸ್ಸು ಕೆಲವೇ ಗಂಟೆ.

ಗೋರಿ ಮಾಡುವುದಾದರೆ ಟಿವಿ ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲ್ ಒಳ್ಳೆಯದು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಕೆತ್ತಿದ ಹಾಗೇ ಕಾಣುತ್ತದೆ. ಸ್ಪ್ರೇ ಪೇಂಟ್ ಮಾತ್ರ ಹೊಡೆಯಬೇಡಿ, ಅದರಲ್ಲಿರುವ ದ್ರಾವಕಕ್ಕೆ ಥರ್ಮೋಕೋಲ್ ಕರಗಿ ಗುಳಿ ಬೀಳುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವೋ, ಗೋಡೆಗೆ ಬಳಿದು ಉಳಿದ ಲೇಟೆಕ್ಸ್ ಬಣ್ಣವೋ ಬಳಸಿ. ಕೆಳಗಿನಿಂದ ಎರಡು ಬಿದಿರು ಕಡ್ಡಿ ಚುಚ್ಚಿ ಹುಲ್ಲಿಗೆ ನೆಡಿ. ನಮ್ಮನೆಯ ಗೋರಿಯ ಮೇಲೆ ‘ನನ್ನ ಜಿಮ್ ಮೆಂಬರ್‌ಷಿಪ್, ಜನನ ಜನವರಿ, ಮರಣ ಫೆಬ್ರವರಿ’ ಅಂತ ಬರೆದಿದೆ. ಕನ್ನಡದಲ್ಲೇ ಬರೆದಿದ್ದೇವೆ. ಓದೋಕೆ ಬಾರದವರಿಗೆ ಇನ್ನೂ ಜಾಸ್ತಿ ಭಯ.

ಪ್ರಶ್ನೆ: ದಾವಣಗೆರೆಯಿಂದ ಅತ್ತೆಯವರು ಬಂದಿದ್ದಾರೆ. ದೀಪಾವಳಿ ಹತ್ತಿರ ಬರುವಾಗ ಮನೆ ಮುಂದೆ ಗೋರಿ, ತಲೆಬುರುಡೆ ಇಡೋದಾ ಅಂತ ಬೇಜಾರು ಮಾಡಿಕೊಂಡಿದ್ದಾರೆ. ಮಕ್ಕಳೋ ಕೇಳುವುದಿಲ್ಲ. ಏನು ಮಾಡಲಿ? — ಫ್ರಿಸ್ಕೊ, ಟೆಕ್ಸಸ್

ಅತ್ತೆಯವರ ಮಾತಿನಲ್ಲಿ ತಪ್ಪೇನಿಲ್ಲ. 2024ರಲ್ಲಂತೂ ನರಕ ಚತುರ್ದಶಿಯೂ ಹ್ಯಾಲೋವೀನೂ ಅಕ್ಟೋಬರ್ 31ರಂದೇ ಬಂದು, ಎಷ್ಟೋ ಮನೆಗಳಲ್ಲಿ ಹಣತೆಯ ಪಕ್ಕ ಅಸ್ಥಿಪಂಜರ ಕೂತಿತ್ತು. ಗೋರಿ, ಬುರುಡೆ ಬಿಟ್ಟುಬಿಡಿ. ಬಾವಲಿ, ಗೂಬೆ, ಬೆದರುಬೊಂಬೆ ಇಡಿ. ಬೆದರುಬೊಂಬೆ ಮಾಡಲು ಅತ್ತೆಯವರನ್ನೇ ಕರೆಯಿರಿ ನೋಡಿ! ಹೊಲ ನೋಡಿ ಬೆಳೆದವರಾದರೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಯಜಮಾನರ ಹಳೇ ಅಂಗಿ, ಹರಿದ ಜೀನ್ಸ್ ತಗೊಂಡು ತೋಳು ಕಾಲುಗಳ ತುದಿಯನ್ನು ದಾರದಿಂದ ಬಿಗಿದು, ಅಂಗಳದಲ್ಲಿ ಗುಡಿಸಿ ಹಾಕಿದ ಒಣ ಎಲೆಗಳನ್ನು ಒಳಗೆ ಗಿಡಿಯಿರಿ. ಎಲೆ ಒದ್ದೆ ಇದ್ದರೆ ಮೂರೇ ದಿನಕ್ಕೆ ಬೊಂಬೆ ನಾರುತ್ತದೆ. ತಲೆಗೆ ಹಳೇ ದಿಂಬಿನ ಚೀಲ ಸಾಕು. ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಕೈಯಲ್ಲಿ ಚಾಕಲೇಟ್ ಬುಟ್ಟಿ ಕೊಡಿ. ಎಲೆ ತುಂಬಿದ ಬೊಂಬೆಯ ಹತ್ತಿರ ಮಾತ್ರ ಹಣತೆ, ಮೇಣದ ಬತ್ತಿ ಯಾವುದೂ ಬೇಡ. ಹ್ಯಾಲೋವೀನ್ ಮುಗಿದ ಮೇಲೆ ಎಲೆಯನ್ನು ಗಿಡದ ಬುಡಕ್ಕೆ ಸುರಿದರಾಯಿತು.

ಪ್ರಶ್ನೆ: ನಮ್ಮಲ್ಲಿ ಅಕ್ಟೋಬರ್ ಪೂರ್ತಿ ಜಿಟಿಜಿಟಿ ಮಳೆ. ರಟ್ಟಿನಲ್ಲಿ ಮಾಡಿದ್ದೆಲ್ಲ ಮುದ್ದೆಯಾಗುತ್ತದೆ. — ಸಿಯಾಟಲ್

ರಟ್ಟು ಬಿಡಿ, ಕಪ್ಪು ಕಸದ ಚೀಲ ಹಿಡಿಯಿರಿ. ಮಡಚಿ ಅರ್ಧ ಬಾವಲಿ ಕತ್ತರಿಸಿದರೆ ಬಿಚ್ಚಿದಾಗ ಪೂರ್ತಿ ಬಾವಲಿ. ಒಂದೇ ಚೀಲದಲ್ಲಿ ಹತ್ತು ಹನ್ನೆರಡು ಬರುತ್ತವೆ, ಚಾವಣಿಯ ಕೆಳಗೆ ದಾರದಲ್ಲಿ ತೂಗಿಬಿಡಿ. ಜೇಡರ ಬಲೆಯನ್ನೂ ಹಳೇ ಉಲ್ಲನ್ ದಾರದಲ್ಲಿ ಅಗಲ ಅಗಲವಾಗಿ ಕಟ್ಟಿ. ಅಂಗಡಿಯಲ್ಲಿ ಸಿಗುವ ಹತ್ತಿಯಂಥ ಬಲೆಯನ್ನು ಗಿಡಗಳ ಮೇಲೆ ಹರಡಬೇಡಿ, ಸಣ್ಣ ಹಕ್ಕಿಗಳು ಸಿಕ್ಕಿಕೊಂಡು ಒದ್ದಾಡುತ್ತವೆ.

ಪ್ರಶ್ನೆ: ಕುಂಬಳಕಾಯಿ ಕೆತ್ತಿ ಇಟ್ಟರೆ ಹಬ್ಬಕ್ಕೆ ಮೊದಲೇ ಕೊಳೆಯುತ್ತದೆ. ಅಷ್ಟು ದೊಡ್ಡ ಕಾಯಿ ಎಸೆಯಲು ಹೊಟ್ಟೆ ಉರಿಯುತ್ತದೆ, ಹುಳಿ ಮಾಡಬಹುದಾ? — ಷಿಕಾಗೊ

ಕೆತ್ತಿ ಹೊರಗೆ ಇಟ್ಟದ್ದನ್ನು ತಿನ್ನಬೇಡಿ. ಬೂಷ್ಟು ಹಿಡಿದಿರುತ್ತದೆ, ಅಳಿಲು ಬೇರೆ ಬಾಯಿ ಹಾಕಿರುತ್ತದೆ. ಕೆತ್ತಿದ ಕಾಯಿ ಸಾಮಾನ್ಯವಾಗಿ ಒಂದು ವಾರವೂ ತಡೆಯುವುದಿಲ್ಲ, ಆದ್ದರಿಂದ 29ಕ್ಕೋ 30ಕ್ಕೋ ಕೆತ್ತಿ. ಕೆತ್ತುವಾಗ ತೆಗೆದ ಬೀಜವನ್ನು ತೊಳೆದು ಒಣಗಿಸಿ, ಉಪ್ಪು ಖಾರ ಹಾಕಿ ಹುರಿಯಿರಿ. ಕಾಯಿಯನ್ನು ಕೆತ್ತದೆ ಬರೀ ಮಾರ್ಕರ್‌ನಲ್ಲಿ ಮುಖ ಬರೆದು ತಂಪಾದ ಜಾಗದಲ್ಲಿ ಇಟ್ಟರೆ ವಾರಗಟ್ಟಲೆ ಇರುತ್ತದೆ. ಆಮೇಲೆ ಸಿಪ್ಪೆ ದಪ್ಪಗೆ ಹೆರೆದು ಹುಳಿ ಮಾಡಿ, ಆದರೆ ಈ ದೊಡ್ಡ ಜಾತಿಯದು ನೀರು ನೀರು, ಸಿಹಿಯೂ ಕಮ್ಮಿ, ಬೆಲ್ಲ ಒಂದು ಚೂರು ಮುಂದಾಗಿರಲಿ. ಅಂದಹಾಗೆ ಈ ಪದ್ಧತಿಯ ಮೂಲ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು. ಅಲ್ಲಿ ಕೆತ್ತುತ್ತಿದ್ದುದು ಟರ್ನಿಪ್ ಗಡ್ಡೆ. ವಲಸೆ ಬಂದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಧಾರಾಳವಾಗಿ ಸಿಕ್ಕಿತು, ಗಡ್ಡೆ ಕೊರೆಯುವ ಕಷ್ಟ ತಪ್ಪಿತು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲೂ ಮಕ್ಕಳು ಹ್ಯಾಲೋವೀನ್ ಮಾಡುತ್ತಿದ್ದಾರೆ. ಬಾಗಿಲ ಮುಂದೆ ಇರುವುದು ಎರಡಡಿ ಜಾಗ. ಇದೆಲ್ಲ ನಮಗೆ ಬೇಕಾ ಅನ್ನುವ ಪ್ರಶ್ನೆಯೂ ಇದೆ. — ಬೆಂಗಳೂರು

ಬೇಕಾ ಬೇಡವಾ ನಿಮ್ಮಿಷ್ಟ. ಆದರೆ ಮನೆ ಮುಂದೆ ಭಯದ ಮುಖ ಇಡುವುದು ನಮಗೇನು ಹೊಸದಲ್ಲ. ಕಟ್ಟುತ್ತಿರುವ ಮನೆಗೆಲ್ಲ ದೃಷ್ಟಿಬೊಂಬೆ ನೇತುಹಾಕುತ್ತೇವೆ, ಬೂದುಗುಂಬಳಕ್ಕೆ ಕಣ್ಣು ಮೀಸೆ ಬರೆದು ಕಟ್ಟುತ್ತೇವೆ. ಎರಡಡಿ ಜಾಗಕ್ಕೆ ತೆಂಗಿನ ಚಿಪ್ಪು ಸಾಕು. ಮೂರು ಕಣ್ಣಿರುವ ಅರ್ಧವನ್ನು ಇಟ್ಟುಕೊಂಡು ನಾರು ಹೆರೆದು, ಮೆತ್ತಗಿರುವ ಒಂದು ಕಣ್ಣನ್ನು ಕಡ್ಡಿಯಲ್ಲಿ ಚುಚ್ಚಿ ತೆಗೆಯಿರಿ. ಉಳಿದೆರಡು ಗಟ್ಟಿ, ಮೊಳೆ ಬೇಕು. ಒಳಗೆ ಪುಟ್ಟ ಎಲ್‌ಇಡಿ ದೀಪ ಇಟ್ಟು ಗೋಡೆಗೆ ಬೋರಲು ಒರಗಿಸಿದರೆ ಮುಖ ತಯಾರು, ನೀವೇನೂ ಬರೆಯಬೇಕಿಲ್ಲ. ಗುಂಡಿ ಬ್ಯಾಟರಿಯ ದೀಪವಾದರೆ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ತನ್ನಿ, ಆ ಬ್ಯಾಟರಿ ಪುಟ್ಟ ಮಕ್ಕಳು ನುಂಗಿದರೆ ಜೀವಕ್ಕೇ ಅಪಾಯ.

ಚಾಕಲೇಟ್ ಮುಗಿದ ಮೇಲೂ ಮಕ್ಕಳು ಬೆಲ್ ಒತ್ತುತ್ತಿದ್ದರೆ ಬಾಗಿಲಿಗೆ ‘ನಾಳೆ ಬಾ’ ಅಂತ ಬರೆದುಬಿಡಿ. 90ರ ದಶಕದಲ್ಲಿ ಬೆಂಗಳೂರಿನವರೇ ಕಂಡುಕೊಂಡ ಉಪಾಯ ಅಲ್ವಾ ಅದು!